ಹಳೆ ಗೋಡೆ ಗಡಿಯಾರದ ಬಿಡಿಭಾಗ: ಕೊಳ್ಳುವುದೆಷ್ಟು, ಮಾಡಿಕೊಳ್ಳುವುದೆಷ್ಟು

ಕಾಸರಗೋಡಿನ ಹಳೆ ಮನೆಗಳ ಚಾವಡಿಯಿಂದ ರಿಪೇರಿಗೆ ಬರುವ ಕೀ ಗಡಿಯಾರಗಳಲ್ಲಿ ಜರ್ಮನಿಯ ಯುಂಗ್‌ಹಾನ್ಸ್ ಕಂಪನಿಯ ಚಕ್ರ ಅಮೆರಿಕದ ಆನ್ಸೋನಿಯಾಕ್ಕೆ ಕೂರುವುದಿಲ್ಲ. ಹಲ್ಲು ಮುರಿದ ಚಕ್ರಕ್ಕೆ ಮಾತ್ರ ನಾನು ಗುಜರಿ ಅಂಗಡಿ ಹುಡುಕುತ್ತೇನೆ. ಹಲ್ಲಿನ ಲೆಕ್ಕ, ಚಕ್ರದ ವ್ಯಾಸ, ಅಚ್ಚಿನ ಉದ್ದ ಮೂರೂ ಸರಿಹೊಂದಬೇಕು.

ಮುಖ್ಯ ಸ್ಪ್ರಿಂಗ್ ಹೊಸದೇ ಆಗಬೇಕು. ಅಗಲ, ದಪ್ಪ, ಉದ್ದ ಅಳೆಯಿರಿ. ತುದಿಯಲ್ಲಿರುವುದು ತೂತೋ ಬಳೆಯೋ ನೋಡಿ. 0.40 ಮಿ.ಮೀ. ಸಿಗಲಿಲ್ಲವೆಂದು 0.45 ಹಾಕಬೇಡಿ. ಬಲ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 40ರಷ್ಟು ಹೆಚ್ಚಾಗಿ, ಅಚ್ಚುಗಳು ತಿರುಗುವ ಹಿತ್ತಾಳೆ ತೂತುಗಳು ಬೇಗ ಮೊಟ್ಟೆಯಾಕಾರಕ್ಕೆ ಸವೆಯುತ್ತವೆ.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಹೋಗುವುದು ಲೋಲಕವನ್ನು ತೂಗಿಸುವ ತೆಳು ಉಕ್ಕಿನ ಪಟ್ಟಿ. ಹಿತ್ತಾಳೆ ಹಿಡಿಕೆಯ ಅಂಚಿನಲ್ಲಿ ಮಳೆಗಾಲದ ತುಕ್ಕು ಕೂರುತ್ತದೆ. ಪಟ್ಟಿ ಬಾಗುವುದೂ ಅಲ್ಲೇ, ತುಂಡಾಗುವುದೂ ಅಲ್ಲೇ. ಇದಕ್ಕೆ ನಾನು ಬಳಸುವುದು ಟೂಲ್ಸ್ ಅಂಗಡಿಯಲ್ಲಿ ಸಿಗುವ, ಸಂದು ಅಳೆಯುವ ಫೀಲರ್ ಗೇಜಿನ 0.10 ಮಿ.ಮೀ. ಎಲೆ. ಹದ ಮಾಡಿದ ಉಕ್ಕೇ ಆದ್ದರಿಂದ ಬಿಸಿ ತೋರಿಸಲೇಬಾರದು. ಹಳೆ ಪಟ್ಟಿ 0.10 ಇದ್ದಲ್ಲಿ 0.15 ಹಾಕಿದರೆ ಮೂರರಷ್ಟಕ್ಕೂ ಮಿಕ್ಕಿ ಗಡುಸು. ಗಡಿಯಾರ ಮುಂದೆ ಓಡುತ್ತದೆ ಅಥವಾ ನಿಂತೇ ಬಿಡುತ್ತದೆ.

ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಸುರುಳಿಯಾಗುತ್ತದೆ. ಎಲೆಯನ್ನು ಎರಡು ಹಿತ್ತಾಳೆ ತಗಡಿನ ನಡುವೆ ವೈಸ್‌ನಲ್ಲಿ ಬಿಗಿದು, ಹಳೆಯದರ ಅಗಲಕ್ಕೆ ಅರದಿಂದ ಉಜ್ಜಿ ಇಳಿಸಬೇಕು. ತೂತನ್ನೂ ಹೀಗೆ ಬಿಗಿದೇ ಕೊರೆಯಬೇಕು: ಸರ್ಕ್ಯೂಟ್ ಬೋರ್ಡಿಗೆ ಬಳಸುವ ಕಾರ್ಬೈಡ್ ಡ್ರಿಲ್ ಬಿಟ್‌ನಿಂದ, ಅದೂ ಸ್ಟ್ಯಾಂಡಿಗೆ ಸಿಕ್ಕಿಸಿದ ಡ್ರಿಲ್ಲಿನಲ್ಲಿ. ಕೈಯಲ್ಲಿ ಹಿಡಿದರೆ ಬಿಟ್ ಮುರಿಯುವುದು ಖಂಡಿತ. ಎರಡು ಎಲೆಯ ಜೋಡಿಯಾದರೆ ಎರಡನ್ನೂ ಒಟ್ಟಿಗೇ ಕೊರೆಯಿರಿ. ಉದ್ದದಲ್ಲಿ ಕೂದಲೆಳೆ ಹೆಚ್ಚುಕಮ್ಮಿಯಾದರೂ ಲೋಲಕ ತಿರುಚಿಕೊಂಡು ಆಡುತ್ತದೆ. ಮಡಿಕೆ ಬಿದ್ದ ಎಲೆಯನ್ನು ನೆಟ್ಟಗೆ ಮಾಡಲು ಹೋಗಬೇಡಿ, ಎಸೆಯಿರಿ. ಕೂರಿಸಿದ ಮೇಲೆ ಎಣ್ಣೆ ತಾಗಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.

ಕೀ ಹಿಂದಕ್ಕೆ ತಿರುಗದಂತೆ ತಡೆಯುವ ಕೊಕ್ಕೆಯನ್ನು ಹಳೆ ಅರದಿಂದಲೇ ಮಾಡಬಹುದು. ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ನಿಧಾನ ಆರಿಸಿದರೆ ಮೆದುವಾಗುತ್ತದೆ. ಆಕಾರ ಕೊಟ್ಟು, ತೂತು ಕೊರೆದು, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ. ಆಮೇಲೆ ಹೊಳಪು ಬರುವಷ್ಟು ಉಜ್ಜಿ, ನೀಲಿ ಬಣ್ಣ ಏರುವವರೆಗೆ, ಸುಮಾರು 300 ಡಿಗ್ರಿಗೆ, ಮೆಲ್ಲನೆ ಕಾಯಿಸಬೇಕು. ಈ ಕೊನೆಯ ಹಂತ ಬಿಟ್ಟರೆ ಕೊಕ್ಕೆ ಗಾಜಿನಂತೆ ಒಡೆದು, ತುಂಬಿದ ಸ್ಪ್ರಿಂಗ್ ಒಮ್ಮೆಗೇ ಬಿಚ್ಚಿಕೊಂಡು ಚಕ್ರದ ಹಲ್ಲನ್ನೂ ಕೈಬೆರಳನ್ನೂ ಹಾಳುಮಾಡುತ್ತದೆ. ಆದ್ದರಿಂದಲೇ ಚಕ್ರಗಳನ್ನು ಹಿಡಿದಿರುವ ಯಂತ್ರದ ತಗಡು ಬಿಚ್ಚುವ ಮೊದಲು ಕೀಯನ್ನು ಗಟ್ಟಿಯಾಗಿ ಹಿಡಿದು, ಕೊಕ್ಕೆ ಎತ್ತಿ, ಸ್ಪ್ರಿಂಗನ್ನು ಪೂರ್ತಿ ಇಳಿಸಿಕೊಳ್ಳಬೇಕು. ಹೊಸ ಕೊಕ್ಕೆ ಹಾಕಿದ ಮೇಲೆ ಅರ್ಧ ಕೀ ಕೊಟ್ಟು ಒಂದು ರಾತ್ರಿ ಬಿಡಿ. ಅದರ ರಿವೆಟ್ ಸಡಿಲವಾಗದಿದ್ದರೆ ಮಾತ್ರ ಪೂರ್ತಿ ಕೀ.