ಗೋಡೆ ತೆಗೆಸುವ ಮುಂಚೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮರಗೆಲಸದ ಕಾಂಟ್ರಾಕ್ಟರ್ ಹುಡುಕುವ ಹೊಸಬರಿಗೆ

ಫ್ರೀಮಾಂಟಿನಲ್ಲೋ ಸನ್ನಿವೇಲಿನಲ್ಲೋ ಹಳೇ ಮನೆ ಕೊಂಡ ನಮ್ಮವರ ಆಸೆಗಳು ಹೆಚ್ಚುಕಡಿಮೆ ಒಂದೇ. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆಸಬೇಕು, ವಾಸ್ತುವಿಗೆ ಸರಿಯಾಗಿ ಪೂರ್ವಕ್ಕೊಂದು ಬಾಗಿಲು ಇಡಿಸಬೇಕು, ಹಿತ್ತಲಿನ ಹಳೇ ಡೆಕ್, ಅಂದರೆ ಮರದ ಜಗಲಿ, ಕಿತ್ತು ಹೊಸದು ಹಾಕಿಸಬೇಕು. ಊರಿನಲ್ಲಾದರೆ ಗೋಡೆ ಒಡೆಯಲು ಗಾರೆ ಮೇಸ್ತ್ರಿಗೆ ಹೇಳಿಕಳಿಸುತ್ತಿದ್ದಿರಿ. ಬಡಗಿ ಬರುತ್ತಿದ್ದುದು ಬಾಗಿಲು, ಕಿಟಕಿ, ಬೀರುಗಳ ಕೆಲಸಕ್ಕೆ. ಇಲ್ಲಿ ಮನೆಯನ್ನು ಎತ್ತಿ ಹಿಡಿದಿರುವುದೇ ಮರ. ಬಣ್ಣ ಬಳಿದ ಶೀಟ್‌ರಾಕ್ ಎಂಬ ಜಿಪ್ಸಂ ಹಲಗೆಯ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಸ್ಟಡ್ ಎಂಬ ಮರದ ಕಂಬಗಳು, ತಲೆಯ ಮೇಲೆ ಜಾಯಿಸ್ಟ್ ಎಂಬ ಅಡ್ಡ ತೊಲೆಗಳು. ಆದ್ದರಿಂದ ಸೂರು ಕೂರುವುದೋ ಕುಸಿಯುವುದೋ ಎಂಬುದು ಬಡಗಿಯ ಕೈಯಲ್ಲಿದೆ.

ನಡುಗೋಡೆ ಭಾರ ಹೊರುತ್ತದೆಯೇ ಇಲ್ಲವೇ ಎಂಬುದನ್ನು ತಟ್ಟಿ ನೋಡಿ ಹೇಳುವವರನ್ನು ನಂಬಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ಬಂದು ನೋಡಲಿ. ಭಾರ ಹೊರುವ ಗೋಡೆಯಾದರೆ ಅದರ ಜಾಗಕ್ಕೆ ಎಷ್ಟು ಅಳತೆಯ ಬೀಮ್ ಬೇಕು, ಬೀಮಿನ ಎರಡೂ ತುದಿಯ ಭಾರ ಅಡಿಪಾಯದವರೆಗೆ ಹೇಗೆ ಇಳಿಯಬೇಕು ಎಂದು ಅವರು ಲೆಕ್ಕ ಹಾಕಿಕೊಡುತ್ತಾರೆ. ವಾಸ್ತು ಬಾಗಿಲಿನ ವಿಷಯ ಇನ್ನೂ ಸೂಕ್ಷ್ಮ. ಹೊರಗೋಡೆಯ ಸ್ಟಡ್‌ಗಳಿಗೆ ಒತ್ತೊತ್ತಾಗಿ ಮೊಳೆ ಹೊಡೆದು ಕೂರಿಸಿದ ಪ್ಲೈವುಡ್ ಭೂಕಂಪದಲ್ಲಿ ಮನೆ ಓರೆಯಾಗದಂತೆ ತಡೆಯುತ್ತದೆ. ನೀವು ಬಾಗಿಲು ಕತ್ತರಿಸುವುದು ಆ ಗೋಡೆಯಲ್ಲೇ. 1989ರ ಲೋಮಾ ಪ್ರಿಯೇಟಾ ಭೂಕಂಪವನ್ನು ಕಂಡ ನಾಡು ಇದು. ವಾಸ್ತು ಪಂಡಿತರು ದಿಕ್ಕು ಹೇಳಲಿ, ಅಗಲ ಎಂಜಿನಿಯರ್ ಹೇಳಲಿ.

ಇನ್ನು ಕಾಂಟ್ರಾಕ್ಟರ್. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅರ್ಧ ಗಂಟೆಯಲ್ಲಿ ಐದಾರು ನಂಬರ್ ಬರುತ್ತವೆ, ಎಲ್ಲರೂ ‘ತುಂಬಾ ಒಳ್ಳೆಯವರು, ರೇಟೂ ಕಮ್ಮಿ’. ಬಣ್ಣ ಹೊಡೆಸಲು, ಶೆಲ್ಫ್ ತೂಗುಹಾಕಿಸಲು ಅಷ್ಟು ಶಿಫಾರಸು ಸಾಕು. ಲೈಸೆನ್ಸ್ ಇಲ್ಲದ ಹ್ಯಾಂಡಿಮ್ಯಾನ್ ಕ್ಯಾಲಿಫೋರ್ನಿಯಾದಲ್ಲಿ ಮಾಡಬಹುದಾದ ಕೆಲಸಕ್ಕೆ ಮಿತಿಯಿದೆ. ಕೂಲಿ, ಸಾಮಾನು ಎಲ್ಲ ಸೇರಿ 1,000 ಡಾಲರ್‌ಗಿಂತ ಕಡಿಮೆ ಇರಬೇಕು, ನಗರದ ಪರ್ಮಿಟ್ ಬೇಡದ ಕೆಲಸವಾಗಿರಬೇಕು, ಆತ ಬೇರೆ ಆಳು ಇಟ್ಟುಕೊಂಡಿರಬಾರದು. 2024ರ ಕೊನೆಯವರೆಗೆ ಆ ಮಿತಿ 500 ಡಾಲರ್ ಇತ್ತು. ಗೋಡೆ, ಬೀಮ್, ಎತ್ತರದ ಡೆಕ್ ಇದರೊಳಗೆ ಬರುವುದೇ ಇಲ್ಲ.

ಹಾಗಾಗಿ ಮೊದಲು ರೇಟ್ ಕೇಳಬೇಡಿ, ಲೈಸೆನ್ಸ್ ನಂಬರ್ ಕೇಳಿ. ರಾಜ್ಯದ ಕಾಂಟ್ರಾಕ್ಟರ್ ಲೈಸೆನ್ಸ್ ಮಂಡಳಿಯ, ಅಂದರೆ ಸಿಎಸ್‌ಎಲ್‌ಬಿಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಜೀವಂತವಿದೆಯೇ, ಯಾವ ವರ್ಗದ್ದು, ಬಾಂಡ್, ಅಂದರೆ ಆತ ತಪ್ಪಿದರೆ ಗಿರಾಕಿಗೆ ಪರಿಹಾರ ಸಿಗಲೆಂದು ಇಟ್ಟ ಖಾತರಿ, ಇದೆಯೇ, ಕೆಲಸಗಾರರ ವಿಮೆ ಇದೆಯೇ ಎಲ್ಲ ಕಾಣುತ್ತದೆ. ಚೌಕಟ್ಟು, ತೊಲೆ, ಕಂಬಗಳ ಮರಗೆಲಸಕ್ಕೆ ಸಿ-5. ಕಪಾಟು, ಬೀಡಿಂಗ್‌ನಂಥ ನಯಗೆಲಸಕ್ಕೆ ಸಿ-6. ಗೋಡೆ ತೆಗೆಯುವಾಗ ಒಳಗಿನ ವಿದ್ಯುತ್ ತಂತಿ, ನೀರಿನ ಪೈಪು ಸರಿಸುವುದೂ ಸೇರಿಕೊಳ್ಳುವುದರಿಂದ ಸಾಮಾನ್ಯವಾಗಿ ಬಿ ವರ್ಗದ ಜನರಲ್ ಕಾಂಟ್ರಾಕ್ಟರ್ ಸೂಕ್ತ. ‘ನನ್ನ ಕಡೆ ಆಳುಗಳಿಲ್ಲ’ ಎಂದು ಬರೆದುಕೊಟ್ಟು ವಿಮೆಯಿಂದ ವಿನಾಯಿತಿ ಪಡೆದವರು ನಿಮ್ಮ ಮನೆಗೆ ನಾಲ್ಕು ಜನರನ್ನು ಕರೆತಂದರೆ ಅಲ್ಲೇ ನಿಲ್ಲಿಸಿ ಕೇಳಿ. ಬಿದ್ದು ಪೆಟ್ಟಾದರೆ ಅದು ನಿಮ್ಮ ಕೊರಳಿಗೆ ಬರಬಹುದು. ಬಾಂಡನ್ನೂ ತೀರಾ ನೆಚ್ಚಬೇಡಿ. ಅದು 25,000 ಡಾಲರ್, ಆತನ ಗಿರಾಕಿಗಳೆಲ್ಲರಿಗೂ ಸೇರಿ.

ಪರ್ಮಿಟ್ ಕಾಂಟ್ರಾಕ್ಟರ್ ತೆಗೆಯಬೇಕು. ‘ಓನರ್ ಬಿಲ್ಡರ್ ಅಂತ ನೀವೇ ಹಾಕಿಬಿಡಿ ಸಾರ್, ಬೇಗ ಸಿಗುತ್ತೆ’ ಎಂದರೆ ಬೇರೆಯವರನ್ನು ನೋಡಿ. ಹಾಗೆ ತೆಗೆದರೆ ಕೆಲಸದ ಹೊಣೆ ಕಾಗದದ ಮೇಲೆ ನಿಮ್ಮದಾಗುತ್ತದೆ. ಶೀಟ್‌ರಾಕ್ ಮುಚ್ಚುವ ಮುಂಚೆ ನಗರದ ಇನ್‌ಸ್ಪೆಕ್ಟರ್ ಬಂದು ಒಳಗಿನ ಮರಗೆಲಸ ನೋಡಬೇಕು. ಪರಿಚಯದ ಕುಟುಂಬವೊಂದು ಹಬ್ಬಕ್ಕೆ ಮುಂಚೆ ಮುಗಿಯಲೆಂದು ಇದನ್ನು ಹಾರಿಸಿತು. ಆಮೇಲೆ ಹೊಸ ಗೋಡೆಯನ್ನೇ ಒಡೆದು ತೋರಿಸಬೇಕಾಯಿತು.

ದುಡ್ಡಿನ ವಿಷಯದಲ್ಲಿ ನಮ್ಮವರು ಜಾರುವುದು ಅಡ್ವಾನ್ಸ್‌ನಲ್ಲಿ. ಸಾಮಾನು ತರಲು ಅರ್ಧ ಕೊಡಿ ಎಂದರೆ ಊರಿನ ರೂಢಿಯಂತೆ ಕೊಟ್ಟುಬಿಡುತ್ತೇವೆ. ಇಲ್ಲಿ ಮನೆ ದುರಸ್ತಿಗೆ ಮುಂಗಡವಾಗಿ ಒಟ್ಟು ಮೊತ್ತದ 10 ಪ್ರತಿಶತ ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಕೇಳಬಹುದು. ಹೆಚ್ಚಿನ ಬಾಂಡ್ ಇಟ್ಟ ಕೆಲವೇ ಕಾಂಟ್ರಾಕ್ಟರ್‌ಗಳಿಗೆ ವಿನಾಯಿತಿಯಿದೆ, ಅದು ಸಿಎಸ್‌ಎಲ್‌ಬಿ ಪುಟದಲ್ಲೇ ಗೊತ್ತಾಗುತ್ತದೆ. 40,000 ಡಾಲರ್ ಕೆಲಸಕ್ಕೂ ಮುಂಗಡ 1,000 ಡಾಲರೇ. ಮುಂದಿನದು ಆದ ಕೆಲಸಕ್ಕೆ ತಕ್ಕಂತೆ. ಕೊನೆಯ ಕಂತು ಫೈನಲ್ ಇನ್‌ಸ್ಪೆಕ್ಷನ್ ಆದಮೇಲೆ ಎಂದು ಕರಾರಿನಲ್ಲೇ ಬರೆಸಿ. ನಡುವೆ ‘ಇದೊಂದು ಎಕ್ಸ್ಟ್ರಾ’ ಎಂದಾಗಲೆಲ್ಲ ಬದಲಾವಣೆಯನ್ನೂ ಅದರ ದರವನ್ನೂ ಬರೆದು ಸಹಿ ಮಾಡಿದ ಚೇಂಜ್ ಆರ್ಡರ್ ಇರಲಿ. ಅಣ್ಣ, ಸಾರ್ ಎಂದು ಎಷ್ಟೇ ಸಲಿಗೆ ಬೆಳೆದರೂ ಬಾಯಿಮಾತು ಬೇಡ. ಕಾಫಿ ಮಾತ್ರ ಧಾರಾಳವಾಗಿ ಕೊಡಿ.

ಕೆಲಸ ಶುರುವಾದ ಕೆಲ ದಿನಕ್ಕೆ ಮರದ ಅಂಗಡಿಯಿಂದ ‘ಪ್ರಿಲಿಮಿನರಿ ನೋಟಿಸ್’ ಅಂಚೆಯಲ್ಲಿ ಬಂದರೆ ಗಾಬರಿಯಾಗಬೇಡಿ, ಬಿಸಾಡಲೂ ಬೇಡಿ. ನಿಮ್ಮ ಮನೆಗೆ ಮರ ಕೊಟ್ಟಿದ್ದೇವೆ, ಹಣ ಬಾರದಿದ್ದರೆ ಮನೆಯ ಮೇಲೆ ಲಿಯೆನ್, ಅಂದರೆ ಬಾಕಿ ಹಣದ ಋಣಭಾರ, ಹಾಕುವ ಹಕ್ಕು ನಮಗಿದೆ ಎಂಬ ಮುನ್ಸೂಚನೆ ಅದು. ನೀವು ಕಾಂಟ್ರಾಕ್ಟರ್‌ಗೆ ಪೂರ್ತಿ ಕೊಟ್ಟಿದ್ದರೂ ಆತ ಅಂಗಡಿಗೆ ಕೊಡದಿದ್ದರೆ ಹೊರೆ ನಿಮ್ಮ ಮನೆಯ ಮೇಲೇ. ಹಾಗಾಗಿ ನೋಟಿಸ್ ಕಳಿಸಿದವರನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡು, ಪ್ರತಿ ಕಂತಿಗೂ ಅವರಿಂದ ಆ ಹಕ್ಕು ಬಿಟ್ಟುಕೊಟ್ಟ ಲಿಯೆನ್ ರಿಲೀಸ್ ಪತ್ರ ತಂದುಕೊಡಲು ಕಾಂಟ್ರಾಕ್ಟರ್‌ಗೆ ಹೇಳಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಡೆಕ್ ಬಗ್ಗೆ ಒಂದು ಮಾತು. 2015ರ ಜೂನ್‌ನಲ್ಲಿ ಬರ್ಕ್ಲಿಯ ಅಪಾರ್ಟ್‌ಮೆಂಟೊಂದರ ಬಾಲ್ಕನಿ ಕುಸಿದು 6 ವಿದ್ಯಾರ್ಥಿಗಳು ಸತ್ತರು. ನೀರು ಒಳಗಿಳಿದು ತೊಲೆಗಳು ಕೊಳೆತಿದ್ದವು. ಡೆಕ್ ಮನೆಗೆ ಅಂಟುವ ಕಡೆ ಗೋಡೆಗೆ ಕೂರಿಸುವ ಲೆಡ್ಜರ್ ಹಲಗೆಯನ್ನು ಬರೀ ಮೊಳೆಯಲ್ಲಿ ಬಿಡದೆ ಬೋಲ್ಟ್ ಅಥವಾ ಸರಿಯಾದ ಸ್ಕ್ರೂ ಹಾಕಿದ್ದಾರೆಯೇ, ಅದರ ಮೇಲೆ ನೀರು ತಡೆಯುವ ಫ್ಲಾಶಿಂಗ್ ಇದೆಯೇ ಎಂದು ನೀವೇ ಬಗ್ಗಿ ನೋಡಿ. ಟೌನ್‌ಹೌಸ್ ಆಗಿದ್ದರೆ ಇವೆಲ್ಲಕ್ಕೂ ಮೊದಲು ಎಚ್‌ಒಎ, ಅಂದರೆ ಮನೆಮಾಲೀಕರ ಸಂಘದ ಒಪ್ಪಿಗೆ.

ಕೆಲಸ ಕೆಟ್ಟರೆ ಫೋಟೊ, ಕರಾರು, ಚೆಕ್ಕಿನ ಪ್ರತಿ ಇಟ್ಟುಕೊಂಡು ಸಿಎಸ್‌ಎಲ್‌ಬಿಗೆ ದೂರು ಕೊಡಬಹುದು. ಸಣ್ಣ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ. ಅಲ್ಲಿ ವ್ಯಕ್ತಿಯೊಬ್ಬರು 12,500 ಡಾಲರ್‌ವರೆಗೆ ಕೇಳಬಹುದು, ವಕೀಲರನ್ನು ಕರೆದೊಯ್ಯುವಂತಿಲ್ಲ. ಪರ್ಮಿಟ್ಟಿನ ಅಂತಿಮ ಸಹಿಯ ಪ್ರತಿಯನ್ನು ಮನೆ ಪತ್ರಗಳ ಜೊತೆಗಿಡಿ. ಮಾರುವ ದಿನ ಕೊಳ್ಳುವವರು ಕೇಳುತ್ತಾರೆ.