ಬಿಂದಿಗೆ ತಳದ ನೀರು

ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ ನೀರುಗಂಟಿಗಳಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. 2017ರ ನವೆಂಬರಿನಲ್ಲಿ ಅದೇ ಕೆಲಸಕ್ಕೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಹೋದೆ. ಆ ವರ್ಷ ಆಗಸ್ಟ್ 25ರಿಂದ ಮ್ಯಾನ್ಮಾರ್ ಸೇನೆ ರಖೈನ್ ರಾಜ್ಯದ ಊರೂರುಗಳ ಮೇಲೆ ಬಿದ್ದಿತ್ತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಗಡಿ ದಾಟಿ ಬಂದರು. ಗುಂಡಿನಿಂದ ಉಳಿದು ಬಂದವರು ಇಲ್ಲಿ ವಾಂತಿಭೇದಿಗೆ ಸಾಯಬಾರದು. ನಮ್ಮ ಪಾಲಿಗೆ ಇದ್ದದ್ದು ಇಷ್ಟೇ.

ಅವರೆಲ್ಲ ಬಂದು ನಿಂತ ಕುಟುಪಾಲಾಂಗ್ ಶಿಬಿರದಲ್ಲಿ ಮರ ಕಡಿದು ಬೋಳಾದ ಗುಡ್ಡಗಳು. ಅದರ ಮೇಲೆಲ್ಲ ಬಿದಿರು, ಟಾರ್ಪಾಲಿನ್. ಅವಸರದಲ್ಲಿ ಕೊರೆದ ಬೋರುಗಳಿಗೆ ಆಳವೇ ಇಲ್ಲ. ಕುಡಿಯುವ ನೀರಿಗೂ ಕಕ್ಕಸು ಗುಂಡಿಗೂ ಕನಿಷ್ಠ 30 ಮೀಟರ್ ದೂರ ಇರಬೇಕು. ಒಂದು ಹ್ಯಾಂಡ್‌ಪಂಪಿನ ಹತ್ತಿರ ನಾನು ಹೆಜ್ಜೆ ಹಾಕಿ ಅಳೆದೆ. ಆರು ಹೆಜ್ಜೆ! ಆದರೆ ಯಾರನ್ನು ಬೈಯೋದು? ಕಾಲಿಡೋಕೆ ಜಾಗ ಇರಲಿಲ್ಲ.

ನಾವು ಟ್ಯಾಂಕು ಕೂರಿಸಿ ನಲ್ಲಿ ಹಾಕಿಸಿದೆವು. ಕ್ಲೋರಿನ್ ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ನೀರಿಗೆ 15 ಗ್ರಾಂ ಸ್ಟ್ರಾಂಗ್ ಕ್ಲೋರಿನ್ ಪೌಡರ್ ಕಲಸಿದರೆ ಹೆಚ್ಚುಕಮ್ಮಿ ಶೇ. 1ರ ದ್ರಾವಣ. 20 ಲೀಟರಿನ ನಾಲ್ಕು ಬಕೆಟ್ ಸಾಲಾಗಿ ಇಟ್ಟು, ಸಿರಿಂಜಿನಲ್ಲಿ 1, 1.5, 2, 2.5 ಎಂ.ಎಲ್. ಹಾಕಿ ಅರ್ಧ ಗಂಟೆ ಕಾಯಬೇಕು. ಆಮೇಲೆ ಒಂದಿಷ್ಟು ನೀರು ತೆಗೆದು ಟೆಸ್ಟ್ ಮಾತ್ರೆ ಹಾಕಿ ಬಣ್ಣ ನೋಡಬೇಕು. ಕ್ಲೋರಿನ್ ಉಳಿದಿದ್ದರೆ ಗುಲಾಬಿ. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಎಲ್ಲಿ ಉಳಿದಿದೆಯೋ ಆ ಬಕೆಟ್ಟಿನ ಅಳತೆಯೇ ಟ್ಯಾಂಕಿಗೂ. ನಮಗೆ 2 ಎಂ.ಎಲ್. ಬಂತು. ಅಂದರೆ 10 ಸಾವಿರ ಲೀಟರ್ ಟ್ಯಾಂಕಿಗೆ ಒಂದು ಲೀಟರ್ ದ್ರಾವಣ.

ನಾನು ಒಂದೂವರೆ ಲೀಟರ್ ಹಾಕಿಸಿದೆ. ಭಯಕ್ಕೆ, ಇರಲಿ ಜಾಸ್ತಿ ಅಂತ. ಎರಡೇ ದಿನದಲ್ಲಿ ನಲ್ಲಿ ಮುಂದೆ ಕ್ಯೂ ಕರಗಿತು. ವಾಸನೆ ತಡೆಯಲಾರದೆ ಹೆಂಗಸರೆಲ್ಲ ಆ ಆರು ಹೆಜ್ಜೆಯ ಹ್ಯಾಂಡ್‌ಪಂಪಿಗೇ ವಾಪಸ್ ಹೋಗಿದ್ದರು. ಕುಡಿಯದ ಶುದ್ಧ ನೀರು ಇಟ್ಟುಕೊಂಡು ಏನು ಮಾಡೋದು? ಮಾರನೇ ದಿನವೇ ಅಳತೆ ಇಳಿಸಿದೆ. ಹೋದವರನ್ನು ವಾಪಸ್ ಕರೆತರೋಕೆ ಮಾತ್ರ ಮೂರು ವಾರ ಹಿಡಿಯಿತು.

ಆಮೇಲೆ ನಲ್ಲಿಯಲ್ಲಿ ಎಲ್ಲ ಸರಿ. ಆದರೂ ಮಕ್ಕಳಿಗೆ ಭೇದಿ ನಿಲ್ಲಲಿಲ್ಲ. ಟೆಸ್ಟ್ ಡಬ್ಬಿ ಹಿಡಿದು ಮನೆಮನೆಗೆ ಹೋದೆ. ಅಲ್ಲಿ ನೀರು ತುಂಬುವುದು ಅಲ್ಯೂಮಿನಿಯಂ ಕೊಲ್ಶಿಯಲ್ಲಿ. ಥೇಟ್ ನಮ್ಮ ಬಿಂದಿಗೆ. ನಲ್ಲಿಯ ಹತ್ತಿರ ಟೆಸ್ಟ್ ಮಾಡಿದಾಗ ಗುಲಾಬಿಯಾಗಿದ್ದ ನೀರಿಗೆ ಸಂಜೆ ಕೊಲ್ಶಿಯಲ್ಲಿ ಬಣ್ಣವೇ ಬರಲಿಲ್ಲ. ಒಂದರ ಬಾಯೊಳಗೆ ಟಾರ್ಚ್ ಹಾಕಿದೆ. ತಳದಲ್ಲಿ ಹಸಿರು ಪಾಚಿ. ಬಾಯಿ ಕಿರಿದು, ಒಳಗೆ ಕೈ ಹೋಗಲ್ಲ, ತೊಳೆಯೋದು ಹೇಗೆ? ಹಿಡಿ ಮರಳು, ಸ್ವಲ್ಪ ನೀರು ಹಾಕಿ ಜೋರಾಗಿ ಅಲುಗಾಡಿಸಿ ಚೆಲ್ಲಿ ಅಂತ ತೋರಿಸಿದೆ. ಇದು ನನ್ನ ಅಜ್ಜಿ ಮಾಡುತ್ತಿದ್ದದ್ದು, ಯಾವ ಟ್ರೇನಿಂಗಿನದ್ದೂ ಅಲ್ಲ.

ಇನ್ನೊಂದು ವಿಷಯ ನನಗೆ ತಾನಾಗಿ ಹೊಳೆಯಲೇ ಇಲ್ಲ. ತಲೆಗೆ ದಿನಕ್ಕೆ 15 ಲೀಟರ್ ನೀರು ಅಂತ ನಮ್ಮ ಲೆಕ್ಕ. ಹೆಂಗಸರು ಮಾತ್ರ ಬೇಕಂತಲೇ ಕಮ್ಮಿ ಕುಡಿಯುತ್ತಿದ್ದರು. ಕಕ್ಕಸಿಗೆ ಚಿಲಕ ಇಲ್ಲ, ದೀಪ ಇಲ್ಲ. ಹಗಲು ಹೋದರೆ ಎಲ್ಲರೂ ನೋಡುತ್ತಾರೆ, ರಾತ್ರಿ ಹೋಗೋಕೆ ಹೆದರಿಕೆ. ನಮ್ಮ ತಂಡದ ಬಾಂಗ್ಲಾ ಹುಡುಗಿಯ ಹತ್ತಿರ ಇದನ್ನು ಹೇಳಿಕೊಂಡಿದ್ದರು. ನನ್ನ ಹತ್ತಿರ ಹೇಳುವ ಮಾತಲ್ಲವಲ್ಲ. ಆ ತಿಂಗಳ ದುಡ್ಡಿನಲ್ಲಿ ಮೊದಲು ಚಿಲಕ ತರಿಸಿದೆವು.

ನಾನು ಹೊರಡುವ ಹೊತ್ತಿಗೆ ನಲ್ಲಿ ಟೆಸ್ಟ್ ಮಾಡುವ ಕೆಲಸ ಶಿಬಿರದವರೇ ವಹಿಸಿಕೊಂಡಿದ್ದರು. ನಮ್ಮ ಬ್ಲಾಕಿನಲ್ಲಿ ಹದಿನೆಂಟರ ಒಬ್ಬ ಹುಡುಗಿ. ಕೊನೇ ದಿನ ಅವಳು ಗಾಜಿನ ಕೊಳವೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. "ಭಾಯ್, ಇವತ್ತು ಬಣ್ಣ ಕಮ್ಮಿ" ಅಂತ ಹರಕು ಹಿಂದಿಯಲ್ಲಿ ಹೇಳಿ, ನನ್ನ ಉತ್ತರಕ್ಕೂ ಕಾಯದೆ ಟ್ಯಾಂಕಿನ ಹುಡುಗನನ್ನು ಬೈಯೋಕೆ ಗುಡ್ಡ ಹತ್ತಿ ಹೋದಳು.