ಪಂದ್ಯ ನೋಡುವವರಿಗೆ ಜೋಡಿ ಹುಡುಕುವ ಆ್ಯಪ್: ಕಟ್ಟುವುದು ಹೇಗೆ?

ಸಾಲಾವಳಿ ನೋಡುವವರು 36 ಗುಣಗಳಲ್ಲಿ ಎಷ್ಟು ಕೂಡಿತು ಎಂದು ಲೆಕ್ಕ ಹಾಕುತ್ತಾರೆ. ಅರ್ಧ ಕೂಡಿದರೂ ಆಗಬಹುದು ಎನ್ನುತ್ತಾರೆ. ಆದರೆ ಕೊನೆಯ ಓವರ್‌ನಲ್ಲಿ 12 ರನ್ ಬೇಕಿದ್ದಾಗ ಎದ್ದು ಅಡುಗೆಮನೆಗೆ ಹೋಗುವವನಿಗೂ, ಕೂತಲ್ಲಿಂದ ಯಾರೂ ಕದಲಬಾರದು ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡುವವಳಿಗೂ ಕೂಡಿ ಬರುತ್ತದೆಯೇ ಎಂಬುದು ಆ 36ರಲ್ಲಿ ಎಲ್ಲೂ ಇಲ್ಲ. ಕ್ರೀಡಾಭಿಮಾನಿಗಳಿಗೆಂದೇ ಡೇಟಿಂಗ್ ಆ್ಯಪ್ ಮಾಡಲು ಹೊರಟವರು ಶುರು ಮಾಡಬೇಕಾದದ್ದು ಇಲ್ಲಿಂದ.

ಮೊಬೈಲ್ ಪರದೆಗಳ ವಿನ್ಯಾಸ ನನ್ನ ಹೊಟ್ಟೆಪಾಡು. ಮೂವರು ಗೆಳೆಯರೊಡನೆ ಬೆಂಗಳೂರಿನಲ್ಲಿ ಇಂಥದ್ದೊಂದು ಆ್ಯಪನ್ನು ಕಾಗದದ ಮೇಲೆ ಬರೆದು, ಪರಿಚಿತರ ಮೇಲೆ ಪ್ರಯೋಗಿಸಿ, ಹಲವು ಕಡೆ ಎಡವಿದ್ದೇನೆ. ಆ ಎಡವಟ್ಟುಗಳನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಮೈದಾನ ಆರಿಸಿ

ದೇಶಕ್ಕೆಲ್ಲ ಒಂದೇ ಆ್ಯಪ್ ಎಂಬ ಆಸೆ ಬಿಡಿ. ಹತ್ತು ಸಾವಿರ ಜನ ಹತ್ತು ರಾಜ್ಯಗಳಲ್ಲಿ ಚದುರಿಹೋದರೆ ಯಾರಿಗೂ ಹತ್ತಿರದಲ್ಲಿ ಯಾರೂ ಸಿಗುವುದಿಲ್ಲ. ನಾನೂರು ಜನ ಒಂದೇ ಮೈದಾನದವರಾದರೆ ಆ್ಯಪ್ ತುಂಬಿದಂತೆ ಕಾಣುತ್ತದೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗಾಗಿ ತೊಂಬತ್ತು ನಿಮಿಷವೂ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದಂಥ ಗುಂಪು ನಿಮಗೆ ಗೊತ್ತಿದ್ದರೆ ಅಲ್ಲಿಂದಲೇ ಆರಂಭಿಸಿ.

ನಾನಾದರೆ ಮಹಿಳಾ ಪ್ರೀಮಿಯರ್ ಲೀಗ್‌ನಿಂದ ಆರಂಭಿಸುತ್ತೇನೆ. 2024ರಲ್ಲಿ ಲೀಗಿನ ಮೊದಲ ಹಂತ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಗೆಳತಿಯರ ಗುಂಪು, ತಾಯಿ–ಮಗಳು, ಕಾಲೇಜಿನ ಹುಡುಗಿಯರು ಸಾಲುಸಾಲಾಗಿ ಕೂತಿದ್ದರು. ಆ ಮಾರ್ಚ್‌ನಲ್ಲೇ ಆರ್‌ಸಿಬಿ ಮಹಿಳೆಯರು ಕಪ್ ಗೆದ್ದರು; ಗಂಡಸರ ತಂಡ ಗೆಲ್ಲಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಡೇಟಿಂಗ್ ಆ್ಯಪ್‌ಗಳ ಹಳೆಯ ರೋಗವೆಂದರೆ ಗಂಡಸರೇ ತುಂಬಿಕೊಳ್ಳುವುದು. ಅದರ ಮೇಲೆ ಕ್ರೀಡೆಯೂ ಸೇರಿದರೆ ಕೇಳಬೇಕೇ? ಮೊದಲ ನೂರು ಆಹ್ವಾನ ಹೆಂಗಸರ ಕೈಗೆ ಹೋಗಲಿ, ಮುಂದಿನವರನ್ನು ಅವರೇ ಕರೆತರಲಿ.

ಪರೀಕ್ಷೆ ಬೇಡ, ಪ್ರಶ್ನೆ ಸಾಕು

ನಾವು ಮಾಡಿದ ದೊಡ್ಡ ತಪ್ಪು ಇದು. ‘ನಿಜವಾದ ಅಭಿಮಾನಿ’ಗಳೇ ಬರಲಿ ಎಂದು ಒಳಬರುವ ಬಾಗಿಲಲ್ಲೇ ಐದು ರಸಪ್ರಶ್ನೆ ಇಟ್ಟಿದ್ದೆವು. ಕಾಲೇಜು ದಿನಗಳಲ್ಲಿ ಕ್ಲಬ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದ ಒಬ್ಬಾಕೆ ಹಾಳೆಯನ್ನು ನೋಡಿದರು, ಐದಕ್ಕೂ ಸರಿಯುತ್ತರ ಬರೆದರು, ಆಮೇಲೆ ಹಾಳೆ ಹಿಂದಿರುಗಿಸಿ, ‘ಕಚೇರಿಯಲ್ಲಿ ದಿನಾ ಇದೇ ಪರೀಕ್ಷೆ ಬರೆಯುತ್ತೇನೆ, ಇಲ್ಲಿಯೂ ಬರೆಯಬೇಕೇ?’ ಎಂದರು. ಎಲ್‌ಬಿಡಬ್ಲ್ಯು ಎಂದರೇನು ಹೇಳು ನೋಡೋಣ ಎಂಬ ಸವಾಲು ಗಂಡಸರಿಗೆ ಎದುರಾಗುವುದು ಅಪರೂಪ. ಆ ಸಂಜೆಯೇ ರಸಪ್ರಶ್ನೆ ಕಸದ ಬುಟ್ಟಿ ಸೇರಿತು.

ಅದರ ಜಾಗಕ್ಕೆ ಬಂದವು ನಾಲ್ಕು ಪ್ರಶ್ನೆಗಳು. ಮುಂದಿನ ಯಾವ ಪಂದ್ಯಕ್ಕೆ ಬಿಡುವು ಮಾಡಿಕೊಳ್ಳುತ್ತೀರಿ? ಎಲ್ಲಿ ನೋಡುತ್ತೀರಿ: ಮೈದಾನದಲ್ಲೋ, ಮನೆಯಲ್ಲೋ, ಹೋಟೆಲಿನ ದೊಡ್ಡ ಪರದೆಯಲ್ಲೋ, ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೋ? ನಿಮ್ಮ ತಂಡ ಸೋತ ಮೇಲಿನ ಒಂದು ಗಂಟೆ ಹೇಗಿರುತ್ತದೆ? ಯಾವ ತಂಡ?

ತಂಡದ ಪ್ರಶ್ನೆ ಕೊನೆಗಿರುವುದು ಬೇಕೆಂದೇ. ಬೆಂಗಳೂರಿನಲ್ಲಿ ಆರ್‌ಸಿಬಿ ಇಷ್ಟ ಎಂದವರೆಲ್ಲ ಒಂದೇ ಸ್ವಭಾವದವರು ಎಂದುಕೊಂಡರೆ ಕಾಫಿ ಕುಡಿಯುವವರೆಲ್ಲ ಒಂದೇ ಸ್ವಭಾವದವರು ಎಂದುಕೊಂಡ ಹಾಗೆ.

ಅಂಕ ಕೊಡುವ ಬಗೆ

ನೂರು ಅಂಕ ಇಟ್ಟುಕೊಳ್ಳಿ. ಇಬ್ಬರೂ ಒಂದೇ ಪಂದ್ಯ ಆರಿಸಿದ್ದರೆ 35, ನೋಡುವ ಜಾಗ ಮತ್ತು ರೀತಿ ಹೊಂದಿದರೆ 30, ಸೋಲಿನ ನಂತರದ ನಡವಳಿಕೆಗೆ 25, ತಂಡಕ್ಕೆ ಬರೀ 10.

ಒಂದು ಲೆಕ್ಕ ಮಾಡೋಣ. ಜಯನಗರದ ಹುಡುಗಿಯೊಬ್ಬಳು ಚೆನ್ನೈ ತಂಡದ ಕಡೆ, ಮಲ್ಲೇಶ್ವರದ ಹುಡುಗ ಆರ್‌ಸಿಬಿ ಕಡೆ. ಇಬ್ಬರೂ ಆರಿಸಿದ್ದು ಒಂದೇ ಪಂದ್ಯ; ಇಬ್ಬರೂ ಮನೆಯಲ್ಲಿ ಕೂತು, ಕಾಮೆಂಟರಿ ಸದ್ದಡಗಿಸಿ ನೋಡುವವರು. ಸೋತರೆ ಅರ್ಧ ಗಂಟೆ ಯಾರೂ ಮಾತಾಡಿಸಬಾರದು. 35, 30, 25: ಒಟ್ಟು 90. ಇನ್ನೊಂದು ಜೋಡಿ, ಇಬ್ಬರೂ ಆರ್‌ಸಿಬಿ, ಆರಿಸಿದ ಪಂದ್ಯವೂ ಒಂದೇ. ಒಬ್ಬರು ಸೋತ ಕೂಡಲೇ ಮುಸುಕೆಳೆದು ಮಲಗುತ್ತಾರೆ, ಇನ್ನೊಬ್ಬರಿಗೆ ಹದಿನೇಳನೇ ಓವರನ್ನು ಅವನಿಗೇಕೆ ಕೊಟ್ಟರು ಎಂದು ರಾತ್ರಿ ಒಂದರವರೆಗೆ ಚರ್ಚಿಸಬೇಕು. 35, ನೋಡುವ ರೀತಿಗೆ ಅರ್ಧ ಎಂದರೆ 15, ಸೋಲಿಗೆ ಸೊನ್ನೆ, ತಂಡಕ್ಕೆ 10: ಒಟ್ಟು 60. ಮೊದಲ ಜೋಡಿಯನ್ನೇ ಮೇಲೆ ತೋರಿಸಿ. ಈ ಅಂಕಗಳ ಹಂಚಿಕೆ ನನ್ನ ಅನುಭವದ್ದು. ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಅಂಕ ಬಂದ ಮೇಲೆ ಯಾರನ್ನು ಯಾರಿಗೆ ತೋರಿಸುವುದು? 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಇದಕ್ಕೊಂದು ದಾರಿ ತೋರಿಸಿದರು. ಒಂದು ಬಣದವರು ತಮ್ಮ ಮೆಚ್ಚಿನ ಪಟ್ಟಿಯ ಮೇಲಿನಿಂದ ಪ್ರಸ್ತಾಪ ಕಳಿಸುತ್ತ ಬರುತ್ತಾರೆ. ಇನ್ನೊಂದು ಬಣದವರು ಬಂದದ್ದರಲ್ಲಿ ಉತ್ತಮವಾದದ್ದನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು, ಇನ್ನೂ ಉತ್ತಮ ಬಂದರೆ ಹಿಂದಿನದನ್ನು ಬಿಡುತ್ತಾರೆ. ಕೊನೆಗೆ, ತಮ್ಮ ತಮ್ಮ ಜೋಡಿ ಬಿಟ್ಟು ಒಟ್ಟಾಗಲು ಬಯಸುವ ಇಬ್ಬರು ಎಲ್ಲೂ ಉಳಿಯುವುದಿಲ್ಲ. ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದರಲ್ಲೊಂದು ಗುಟ್ಟಿದೆ: ಹೆಚ್ಚಿನ ಲಾಭ, ಪ್ರಸ್ತಾಪ ಕಳಿಸುವ ಬಣಕ್ಕೇ. ಹಾಗಾಗಿ ಮೊದಲ ನಡೆ ಹೆಂಗಸರದ್ದಾಗಿರಲಿ. ಗಂಡು–ಹೆಣ್ಣು ಎಂಬ ಎರಡು ಬಣವೇ ಇಲ್ಲದ, ಸಲಿಂಗ ಸಂಗಾತಿ ಹುಡುಕುವವರಿಗೆ ಈ ವಿಧಾನ ಹಾಗೆಯೇ ಒಗ್ಗುವುದಿಲ್ಲ; ಅಲ್ಲಿ ಅಂಕದ ಪ್ರಕಾರ ಮೇಲಿನ ಐದು ಹೆಸರು ತೋರಿಸಿದರೆ ಸಾಕು.

ಮುಖದ ಬದಲು ಪಂದ್ಯ

ಟಿಂಡರ್ 2012ರಲ್ಲಿ ಬಂದಾಗಿನಿಂದ ಡೇಟಿಂಗ್ ಆ್ಯಪ್ ಎಂದರೆ ಮುಖ ನೋಡಿ ಎಡಕ್ಕೋ ಬಲಕ್ಕೋ ಸರಿಸುವುದು ಎಂದಾಗಿದೆ. ನಿಮ್ಮ ಮೊದಲ ಪರದೆಯಲ್ಲಿ ಮುಖವಿರದೆ ಪಂದ್ಯವಿರಲಿ: ‘ಶನಿವಾರ ಸಂಜೆ 7.30, ನೋಡುವಿರಾ?’ ಹೌದು ಎಂದ ಮೇಲೆ, ಅದೇ ಪಂದ್ಯ ನೋಡಲಿರುವ ಐವರು. ‘ಹಾಯ್’ ಎಂದು ಬರೆದು ಮೂರು ದಿನ ಒದ್ದಾಡುವ ಕಷ್ಟ ಇದರಲ್ಲಿಲ್ಲ. ಮಾತಿಗೆ ವಿಷಯವೂ ಉಂಟು, ಮುಗಿಯುವ ಹೊತ್ತೂ ಗೊತ್ತು. ತಂಡಗಳ ಲಾಂಛನ ಮಾತ್ರ ಬಳಸಬೇಡಿ, ಅವು ಟ್ರೇಡ್‌ಮಾರ್ಕ್. ಹೆಸರನ್ನು ಅಕ್ಷರದಲ್ಲಿ ಬರೆದರೆ ಕೆಲಸ ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಅದು ನಮಗೆ ತಿಳಿದದ್ದು ಪಜೀತಿಯಾದ ಮೇಲೆ. ಇಬ್ಬರು ಬೇರೆ ಬೇರೆ ಮನೆಯಲ್ಲಿ ಕೂತು ನೋಡುತ್ತ ಚಾಟ್ ಮಾಡುತ್ತಿದ್ದರು. ಅವಳದ್ದು ಡಿಶ್ ಟಿ.ವಿ., ಅವನದ್ದು ಮೊಬೈಲ್. ಬೌಲರ್ ಇನ್ನೂ ರನ್‌ಅಪ್ ಆರಂಭಿಸುತ್ತಿದ್ದಾನೆ, ಅಷ್ಟರಲ್ಲಿ ಅವಳ ಸಂದೇಶ: ‘ಅಯ್ಯೋ, ಔಟ್!’ ಇಂಟರ್ನೆಟ್ ಪ್ರಸಾರ ಟಿ.ವಿ.ಗಿಂತ ಹಲವು ಸೆಕೆಂಡು ಹಿಂದಿರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷ. ಮೂರನೇ ವಿಕೆಟ್ ಬೀಳುವ ಹೊತ್ತಿಗೆ ಅವನು ಚಾಟ್ ಮುಚ್ಚಿದ್ದ.

ಪರಿಹಾರ ಸರಳ. ಪಂದ್ಯದ ಆರಂಭದಲ್ಲಿ ಇಬ್ಬರಿಗೂ ಒಂದು ಗುಂಡಿ ತೋರಿಸಿ: ‘ನಿಮ್ಮ ಪರದೆಯಲ್ಲಿ ಮೊದಲ ಚೆಂಡು ಬೌಲರ್ ಕೈ ಬಿಟ್ಟ ಕ್ಷಣ ಒತ್ತಿ.’ ಅವಳು ಒತ್ತಿದ 22 ಸೆಕೆಂಡಿಗೆ ಅವನು ಒತ್ತಿದರೆ, ಅವಳ ಸಂದೇಶಗಳನ್ನು ಅವನಿಗೆ 22 ಸೆಕೆಂಡು ತಡೆದು ಕೊಡಿ. ಅವನ ಸಂದೇಶ ಅವಳಿಗೆ ತಕ್ಷಣ ಹೋಗಲಿ, ಅದರಲ್ಲಿ ಅವಳಿಗೆ ಹೊಸತೇನೂ ಇರುವುದಿಲ್ಲ. ವಿರಾಮಗಳಲ್ಲಿ ಪ್ರಸಾರ ತಪ್ಪಿಹೋಗುವುದುಂಟು, ಎರಡನೇ ಇನಿಂಗ್ಸ್‌ಗೆ ಮತ್ತೊಮ್ಮೆ ಒತ್ತಿಸಿ. ಮೈದಾನದಲ್ಲಿ ಇರುವವರ ಪಾಡು ಬೇರೆ: ಸಾವಿರಾರು ಮೊಬೈಲ್ ಒಂದೇ ಕಡೆ ಸೇರಿ ನೆಟ್‌ವರ್ಕ್ ಕಟ್ಟಿಹೋಗುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ ಭೇಟಿ ಎಂಬುದನ್ನು ಮುಂಚೆಯೇ ಮೊಬೈಲಿನಲ್ಲಿ ಉಳಿಸಿಡಿ, ಇಂಟರ್ನೆಟ್ ಇಲ್ಲದೆಯೂ ಅದು ತೆರೆಯುವಂತಿರಲಿ.

ಎಲ್ಲಿದ್ದೀರಿ ಎಂಬುದು ಗುಟ್ಟಾಗಿರಲಿ

‘ನಿಮ್ಮಿಂದ 340 ಮೀಟರ್’ ಎಂದು ತೋರಿಸುವುದು ಆಕರ್ಷಕ, ಹಾಗೆಯೇ ಅಪಾಯ. ಮೂರು ಜಾಗಗಳಿಂದ ದೂರ ಅಳೆದು, ನಕ್ಷೆಯ ಮೇಲೆ ಮೂರು ವೃತ್ತ ಎಳೆದರೆ ಅವು ಕೂಡುವಲ್ಲಿ ಆ ವ್ಯಕ್ತಿಯ ಮನೆ ಇರುತ್ತದೆ. ಟಿಂಡರ್‌ನಲ್ಲಿ ಇಂಥ ಲೋಪ ಇದ್ದದ್ದನ್ನು ಭದ್ರತಾ ತಜ್ಞರು 2014ರಲ್ಲಿ ಬಹಿರಂಗಪಡಿಸಿದರು. ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಎರಡೇ ಅಂಕಿಗೆ ಮೊಟಕುಗೊಳಿಸಿ ಸರ್ವರ್‌ನಲ್ಲಿಡಿ. ಆಗ ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತದೆ. ಪರದೆಯ ಮೇಲೆ ಬಡಾವಣೆಯ ಹೆಸರಷ್ಟೇ ಸಾಕು. ಟಿಕೆಟಿನ ಚಿತ್ರ ಹಾಕಲು ಬಿಡಬೇಡಿ. ಆಸನ ಸಂಖ್ಯೆಯೂ ಬಾರ್‌ಕೋಡೂ ಅದರಲ್ಲೇ ಇರುತ್ತವೆ.

ಭೇಟಿಯ ಜಾಗವೆಂದು ಕ್ರೀಡಾಂಗಣದ ಗೇಟನ್ನು ಸೂಚಿಸಲೇಬೇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮೊಬೈಲಿಗೆ ಸಂದೇಶ ಕಳಿಸಿ ಜನರನ್ನು ಒಂದೆಡೆ ಸೇರಿಸುವ ಯಾವ ಸೌಲಭ್ಯವನ್ನಾದರೂ ಬರೆಯುವ ಮುನ್ನ ಆ ದಿನವನ್ನು ನೆನೆಯಬೇಕು. ಪಂದ್ಯ ಮುಗಿದು ಒಂದು ಗಂಟೆಯ ನಂತರ, ಒಂದೆರಡು ಮೆಟ್ರೊ ನಿಲ್ದಾಣ ದಾಟಿ, ಬೆಳಕಿರುವ ಒಂದು ಹೋಟೆಲು: ಇಷ್ಟನ್ನು ಸೂಚಿಸಿ.

ಕಾನೂನಿನ ಮಾತು ಚಿಕ್ಕದಾಗಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರನ್ನು ಒಳಗೆ ಬಿಡಬೇಡಿ, ಉಳಿದವರ ಮಾಹಿತಿಯನ್ನು ಸ್ಪಷ್ಟ ಒಪ್ಪಿಗೆ ಇಲ್ಲದೆ ಪಡೆಯಬೇಡಿ.

ಐಪಿಎಲ್ ಮುಗಿದ ಮೇಲೆ

ಎರಡು ತಿಂಗಳ ಹಬ್ಬ ಮುಗಿದರೆ ಆ್ಯಪ್ ಖಾಲಿ. ಅದಕ್ಕೇ ಪಂದ್ಯಗಳ ಪಟ್ಟಿಯಲ್ಲಿ ರಣಜಿ, ಕಬಡ್ಡಿ, ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಕಂಬಳ ಎಲ್ಲಕ್ಕೂ ಜಾಗವಿಡಿ. ಕೊಡಗಿಗೆ ಹೋಗುವುದಾದರೆ ಎಚ್ಚರ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಆಡುವುದು ಒಕ್ಕಗಳು, ಅಂದರೆ ಮನೆತನಗಳು; ಗ್ಯಾಲರಿಯಲ್ಲಿ ಕೂರುವುದೂ ಬಂಧುಬಳಗ. ಒಂದೇ ಒಕ್ಕದವರು ಮದುವೆಯಾಗುವಂತಿಲ್ಲ. ಅಲ್ಲಿ ‘ಯಾವ ತಂಡ?’ ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಟ್ಟರೆ ಹತ್ತು ಅಂಕ ಕೊಡುವ ಬದಲು ಪಟ್ಟಿಯಿಂದಲೇ ತೆಗೆಯಬೇಕಾಗುತ್ತದೆ.

ಇಷ್ಟಾದ ಮೇಲೂ ಒಂದು ಸಾಲು ಕೋಡ್ ಬರೆಯುವ ಮುನ್ನ ಕಾಗದದಲ್ಲಿ ಆಡಿ ನೋಡಿ. ಇಪ್ಪತ್ತು ಪರಿಚಿತರು, ಒಂದು ಪಂದ್ಯ, ನಾಲ್ಕು ಪ್ರಶ್ನೆಯ ಚೀಟಿ, ಅಂಕ ಕೂಡಿಸಲು ಒಂದು ಸ್ಪ್ರೆಡ್‌ಶೀಟ್. ಎಷ್ಟು ಜನ ಚಾಟ್ ಮಾಡಿದರು ಎಂದು ಎಣಿಸುವುದರಲ್ಲಿ ಅರ್ಥವಿಲ್ಲ. ಮರುದಿನ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕರೆ ಮಾಡಿ, ‘ಮುಂದಿನ ಪಂದ್ಯವನ್ನೂ ಅವರ ಜೊತೆಯೇ ನೋಡುತ್ತೀರಾ?’ ಎಂದು ಕೇಳಿ. ಇಬ್ಬರೂ ಹೂಂ ಎಂದ ಜೋಡಿಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ. ನಮ್ಮ ಮೊದಲ ಸಲದ ಪಟ್ಟಿಯಲ್ಲಿ ಒಂದೇ ಜೋಡಿ ಇತ್ತು. ಅದರಲ್ಲೊಬ್ಬರು, ಆ ಸ್ಕೋರ್ ಬರೆಯುತ್ತಿದ್ದವರು.